ಆಡಿಸ್ಸಿ, ಡಿರಾಕ್, ವೈಪಾವೊ: ನಿಮ್ಮ ಹಾಲ್‌ಗೆ ಯಾವ ರೂಮ್ ಕರೆಕ್ಷನ್?

ಹೋಮ್ ಥಿಯೇಟರ್ ರಿಸೀವರ್ ಕೊಳ್ಳಲು ಹೋದವರು ಮೊದಲು ಕೇಳುವುದು ವ್ಯಾಟ್ ಎಷ್ಟು ಅಂತ. ಆಮೇಲೆ ಎಷ್ಟು ಚಾನೆಲ್, ಅಟ್ಮಾಸ್ ಇದೆಯಾ, ಎಚ್‌ಡಿಎಂಐ ಎಷ್ಟಿವೆ. ಡಬ್ಬದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ರೂಮ್ ಕರೆಕ್ಷನ್, ಅಂದರೆ ನಿಮ್ಮ ರೂಮಿಗೆ ತಕ್ಕ ಹಾಗೆ ಶಬ್ದ ತಿದ್ದುವ ವ್ಯವಸ್ಥೆ, ಅದರ ಹೆಸರನ್ನು ಹೆಚ್ಚಿನವರು ನೋಡುವುದೇ ಇಲ್ಲ. ಆದರೆ ಲೆಕ್ಕ ಹಾಕಿ. 80 ವ್ಯಾಟ್ ರಿಸೀವರ್‌ಗೂ 100 ವ್ಯಾಟ್ ರಿಸೀವರ್‌ಗೂ ಇರುವ ವ್ಯತ್ಯಾಸ ಬರೀ 1 ಡೆಸಿಬಲ್. ನಿಮ್ಮ ಹಾಲ್‌ನ ಗೋಡೆಗಳು ಬಾಸ್‌ನಲ್ಲಿ ಎಬ್ಬಿಸುವ ಏರುಪೇರು 10 ಡೆಸಿಬಲ್ ದಾಟುವುದು ಮಾಮೂಲು, 20ರ ಹತ್ತಿರ ಹೋಗುವುದೂ ಉಂಟು. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರ್ಯಾಂಡ್ ಹೆಸರಿಗಿಂತ ಎರಡು ವಿಷಯ ಮುಖ್ಯ. 300 ಹರ್ಟ್ಜ್‌ಗಿಂತ ಕೆಳಗೆ ರೂಮ್ ಕರೆಕ್ಷನ್ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ? ಅದಕ್ಕಿಂತ ಮೇಲೆ ಸುಮ್ನಿರು ಅಂದರೆ ಸುಮ್ನಿರುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬಜೆಟ್ ಪ್ರಶ್ನೆ.

ನಮ್ಮ ಹಾಲ್‌ಗಳ ಕಥೆಯೇ ಬೇರೆ

ರಿಸೀವರ್ ವಿಮರ್ಶೆಗಳಲ್ಲಿ ಹೆಚ್ಚಿನವು ಬರುವುದು ಅಮೆರಿಕದಿಂದ. ಅಲ್ಲಿನ ಮನೆಗಳಲ್ಲಿ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ. ಬಾಸ್ ಬಡಿದಾಗ ಆ ಹಲಗೆ ಸ್ವಲ್ಪ ಅದುರುತ್ತದೆ. ಅದುರಿದಷ್ಟು ಶಕ್ತಿ ಅಲ್ಲೇ ಕರಗುತ್ತದೆ. ಕೆಳಗೆ ಕಾರ್ಪೆಟ್ ಬೇರೆ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಲಿ, ಶಿವಮೊಗ್ಗದ ಸ್ವಂತ ಮನೆ ಆಗಲಿ, ನಮ್ಮಲ್ಲಿ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್. ಇಲ್ಲಿ ಬಾಸ್ ಕರಗಲು ಜಾಗವೇ ಇಲ್ಲ. ಹೋಗಿ ಗೋಡೆಗೆ ಬಡಿದು ಹೆಚ್ಚೂಕಡಿಮೆ ಹಾಗೇ ವಾಪಸ್ ಬರುತ್ತದೆ.

ಎದುರುಬದುರು ಗೋಡೆಗಳ ನಡುವೆ ಹೀಗೆ ಹೋಗಿ ಬರುವ ಶಬ್ದ ಕೆಲವು ಸ್ವರಗಳಲ್ಲಿ ತನ್ನ ಮೇಲೇ ತಾನು ಕೂಡಿಕೊಂಡು ಊದಿಕೊಳ್ಳುತ್ತದೆ. ಇದಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಯಿಂದ ಗೋಡೆಗೆ ಇರುವ ದೂರದ ಎರಡರಷ್ಟರಿಂದ ಭಾಗಿಸಿ. 14 ಅಡಿ ಉದ್ದಕ್ಕೆ 40 ಹರ್ಟ್ಜ್ ಬರುತ್ತದೆ. 12 ಅಡಿ ಅಗಲಕ್ಕೆ 47. 10 ಅಡಿ ಎತ್ತರದ ಚಾವಣಿಗೆ 56. ಈ ಮೂರೂ, ಇವುಗಳ ದುಪ್ಪಟ್ಟುಗಳೂ ನಿಮ್ಮ ಹಾಲ್‌ನ ಕಾಯಂ ಗಿರಾಕಿಗಳು. ಸಿನಿಮಾದಲ್ಲಿ ಸ್ಫೋಟ ಆದರೂ ಇವೇ ಗುಂಯ್ ಅನ್ನುತ್ತವೆ, ತಮಟೆ ಬಡಿದರೂ ಇವೇ ಗುಂಯ್ ಅನ್ನುತ್ತವೆ. ಎಲ್ಲ ಬಾಸ್ ಒಂದೇ ತರಹ ಕೇಳಿಸುತ್ತಿದೆ ಅಂತ ಅನಿಸಿದರೆ ಸಬ್‌ವೂಫರ್ ಬೈಯಬೇಡಿ, ಟೇಪ್ ಹಿಡಿದು ಹಾಲ್ ಅಳೆಯಿರಿ.

ಮೋಡ್‌ಗಳ ಆಟ ನಡೆಯುವುದು ಒಂದು ಮಿತಿಯವರೆಗೆ ಮಾತ್ರ. ಮೇಲೆ ಹೇಳಿದ ಅಳತೆಯ ಹಾಲ್‌ನಲ್ಲಿ ಆ ಮಿತಿ 200ರಿಂದ 300 ಹರ್ಟ್ಜ್ ಆಸುಪಾಸು. ಜರ್ಮನಿಯ ಭೌತಶಾಸ್ತ್ರಜ್ಞ ಮಾನ್‌ಫ್ರೆಡ್ ಶ್ರೋಡರ್ ಹೆಸರಿನಲ್ಲಿ ಅದನ್ನು ಶ್ರೋಡರ್ ಫ್ರೀಕ್ವೆನ್ಸಿ ಅಂತ ಕರೆಯುತ್ತಾರೆ. ಅದರ ಕೆಳಗೆ ಯಜಮಾನಿಕೆ ರೂಮಿನದು. ಮೇಲೆ ಸ್ಪೀಕರ್‌ನದು. ಈ ಒಂದು ಗೆರೆ ತಲೆಯಲ್ಲಿದ್ದರೆ ಮುಂದಿನ ಹೋಲಿಕೆ ಎಲ್ಲ ಸಲೀಸು.

ಇಕ್ಯೂ ಏನು ಮಾಡುತ್ತದೆ, ಏನು ಮಾಡಲ್ಲ

ಇಕ್ಯೂ ಅಂದರೆ ಈಕ್ವಲೈಸರ್, ಬೇರೆ ಬೇರೆ ಸ್ವರಗಳ ಮಟ್ಟ ಏರಿಳಿಸುವ ಸಾಧನ. ಎಲ್ಲ ಸಿಸ್ಟಮ್‌ಗಳ ಮೂಲ ಕೆಲಸ ಒಂದೇ. ನೀವು ಕೂರುವ ಜಾಗದಲ್ಲಿ ಮೈಕ್ ಇಡುತ್ತೀರಿ. ರಿಸೀವರ್ ಪ್ರತಿ ಸ್ಪೀಕರ್‌ನಿಂದ ಪೀಪೀ, ಚಿರ್ ಅಂತ ಶಬ್ದ ಹೊರಡಿಸುತ್ತದೆ. ವಾಪಸ್ ಬಂದದ್ದನ್ನು ಕೇಳಿ ದೂರ, ಲೆವೆಲ್, ಕ್ರಾಸ್‌ಓವರ್ (ಯಾವ ಸ್ವರದ ಕೆಳಗೆ ಶಬ್ದ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗೆರೆ) ತೀರ್ಮಾನಿಸುತ್ತದೆ. ಆಮೇಲೆ ಉಬ್ಬಿದ್ದನ್ನು ತಗ್ಗಿಸಿ, ತಗ್ಗಿದ್ದನ್ನು ಎತ್ತಲು ನೋಡುತ್ತದೆ.

ತಗ್ಗಿಸುವುದು ಸುಲಭ, ಅದರಲ್ಲಿ ಎಲ್ಲ ಸಿಸ್ಟಮ್‌ಗಳೂ ಗೆಲ್ಲುತ್ತವೆ. 40 ಹರ್ಟ್ಜ್‌ನಲ್ಲಿ 12 ಡೆಸಿಬಲ್ ಉಬ್ಬು ಇದ್ದರೆ ಅದನ್ನು ಕೆಳಗಿಳಿಸಿದ ಕೂಡಲೇ ಮಿಕ್ಕ ಬಾಸ್ ಕೇಳಲು ಶುರುವಾಗುತ್ತದೆ. ಮೊದಲ ಸಲ ಕೇಳಿದವರು ಬಾಸ್ ಕಡಿಮೆ ಆಯ್ತು ಅಂತ ದೂರುವುದುಂಟು. ಒಂದು ವಾರ ಹಾಗೇ ಬಿಟ್ಟು ಆಫ್ ಮಾಡಿ ನೋಡಿ, ಹಳೆಯದು ಕೆಸರು ಅನಿಸುತ್ತದೆ.

ಎತ್ತುವುದು ಕಷ್ಟ. ಸೋಫಾ ಹಾಲ್‌ನ ನಟ್ಟನಡುವೆ ಇದ್ದರೆ ಉದ್ದದ ಮೊದಲ ಮೋಡ್ ಅಲ್ಲಿ ಹೆಚ್ಚೂಕಡಿಮೆ ಕಾಣೆಯಾಗುತ್ತದೆ. ಹೋದ ಅಲೆ, ಬಂದ ಅಲೆ ಒಂದನ್ನೊಂದು ಹೊಡೆದುಹಾಕುವ ಜಾಗ ಅದು. ಅಲ್ಲಿ ಎಷ್ಟು ಶಕ್ತಿ ಸುರಿದರೂ ಹೊಡೆದುಹಾಕುವುದೂ ಅಷ್ಟೇ ಹೆಚ್ಚುತ್ತದೆ. 6 ಡೆಸಿಬಲ್ ಎತ್ತಲು ಆಂಪ್ಲಿಫೈಯರ್‌ಗೆ ನಾಲ್ಕು ಪಟ್ಟು ಶಕ್ತಿ ಬೇಕು, 10ಕ್ಕೆ ಹತ್ತು ಪಟ್ಟು. ಸಬ್ ಸುಸ್ತಾಗುತ್ತದೆ, ಗುಂಡಿ ಗುಂಡಿಯಾಗೇ ಉಳಿಯುತ್ತದೆ. ಇದಕ್ಕೆ ಮದ್ದು ಜಾಗ ಬದಲಿಸುವುದು. ಸೋಫಾ ಎರಡು ಅಡಿ ಹಿಂದೆ, ಅಥವಾ ಸಬ್ ಇನ್ನೊಂದು ಮೂಲೆಗೆ. ನಮ್ಮಲ್ಲಿ ಹೆಚ್ಚಾಗಿ ಸೋಫಾ ಹಿಂಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ತೊಂದರೆ ಉಲ್ಟಾ, ಎಲ್ಲ ಮೋಡ್‌ಗಳೂ ಗೋಡೆ ಹತ್ತಿರ ಗರಿಷ್ಠ. ಅದು ತಗ್ಗಿಸುವ ಕೆಲಸವಾದ್ದರಿಂದ ಇಕ್ಯೂಗೆ ಖುಷಿ.

ಇನ್ನೊಂದು, ಖಾಲಿ ಹಾಲ್‌ನ ಪ್ರತಿಧ್ವನಿ. ಚಪ್ಪಾಳೆ ತಟ್ಟಿದರೆ ಟಣ್ ಅಂತ ಉಳಿಯುತ್ತದಲ್ವಾ, ಆ ತೊಂದರೆಗೆ ರಿಸೀವರ್‌ನಲ್ಲಿ ಔಷಧಿ ಇಲ್ಲ. ಡೈಲಾಗ್ ಅರ್ಥವಾಗುತ್ತಿಲ್ಲ ಅನ್ನುವ ಎಷ್ಟೋ ಮನೆಗಳಲ್ಲಿ ಬೇಕಿರುವುದು ಮುಂದಿನ ಟೈಲ್ಸ್ ಮೇಲೆ ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು. ಹತ್ತು ಸಾವಿರ ಒಳಗೆ ಮುಗಿಯುವ ಕೆಲಸಕ್ಕೆ ಒಂದು ಲಕ್ಷದ ರಿಸೀವರ್ ಬದಲಿಸಬೇಡಿ.

ಆಡಿಸ್ಸಿ: ಹೆಸರು ಒಂದು, ದರ್ಜೆ ಮೂರು

ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಬರುವುದು ಇದು. 2002ರಲ್ಲಿ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಕಂಪನಿ. ಸಿನಿಮಾ ಶಬ್ದದ ಗುಣಮಟ್ಟಕ್ಕೆ ಹೆಸರಾದ ಟಿಎಚ್‌ಎಕ್ಸ್ ರೂಪಿಸಿದ ಟಾಮ್ಲಿನ್ಸನ್ ಹೋಲ್ಮನ್ ಸ್ಥಾಪಕರಲ್ಲಿ ಒಬ್ಬರು.

ಇಲ್ಲಿ ಗಮನಿಸಬೇಕಾದ್ದು ದರ್ಜೆ. ಬರೀ ಮಲ್ಟ್‌ಇಕ್ಯೂ, ಮಲ್ಟ್‌ಇಕ್ಯೂ ಎಕ್ಸ್‌ಟಿ, ಮಲ್ಟ್‌ಇಕ್ಯೂ ಎಕ್ಸ್‌ಟಿ32 ಅಂತ ಮೂರಿವೆ. ಮೊದಲನೆಯದು 6 ಜಾಗಗಳಲ್ಲಿ ಅಳೆಯುತ್ತದೆ, ಮಿಕ್ಕ ಎರಡು 8 ಜಾಗಗಳಲ್ಲಿ. ಆದರೆ ನಿಜವಾದ ವ್ಯತ್ಯಾಸ ಫಿಲ್ಟರ್‌ನ ಸೂಕ್ಷ್ಮತೆಯಲ್ಲಿದೆ. ಕಂಪನಿಯದೇ ಲೆಕ್ಕದಲ್ಲಿ, ಅದರ ಮೂಲ ಮಟ್ಟಕ್ಕೆ ಹೋಲಿಸಿದರೆ, ಬರೀ ಮಲ್ಟ್‌ಇಕ್ಯೂ ಮುಖ್ಯ ಸ್ಪೀಕರ್‌ಗಳಿಗೆ ಕೊಡುವ ಸೂಕ್ಷ್ಮತೆ 2 ಪಟ್ಟು, ಎಕ್ಸ್‌ಟಿ 16 ಪಟ್ಟು, ಎಕ್ಸ್‌ಟಿ32 ಕೊಡುವುದು 512 ಪಟ್ಟು. ಸಬ್‌ವೂಫರ್‌ಗೆ ಮಾತ್ರ ಮೊದಲೆರಡೂ 128 ಪಟ್ಟು ಕೊಡುತ್ತವೆ. ಇದರ ಅರ್ಥ ಏನು? ಕಡಿಮೆ ದರ್ಜೆಯ ರಿಸೀವರ್ ಇದ್ದರೂ ಸಬ್‌ನ ಉಬ್ಬು ಚೆನ್ನಾಗೇ ಇಳಿಯುತ್ತದೆ. 80ರಿಂದ 300 ಹರ್ಟ್ಜ್ ನಡುವೆ, ಅಂದರೆ ಗಂಡಸರ ದನಿಯ ಭಾರ, ಮೃದಂಗದ ಎಡಭಾಗ ಇರುವ ಜಾಗದಲ್ಲಿ, ಎಕ್ಸ್‌ಟಿ32 ಕೈಚಳಕ ಬೇರೆಯದಕ್ಕಿಲ್ಲ. ಡೆನಾನ್‌ನ ಎಕ್ಸ್3800ಎಚ್ ಮಟ್ಟಕ್ಕೆ ಹೋದರೆ ಎಕ್ಸ್‌ಟಿ32 ಸಿಗುತ್ತದೆ. ಅದಕ್ಕಿಂತ ಕೆಳಗಿನ ಎಕ್ಸ್2800ಎಚ್‌ನಲ್ಲಿ ಎಕ್ಸ್‌ಟಿ ಮಾತ್ರ. ಆ ಒಂದು ಮೆಟ್ಟಿಲು ಹತ್ತುವ ದುಡ್ಡು ವ್ಯರ್ಥವಲ್ಲ ಅಂತ ನಾನು ಹೇಳುತ್ತೇನೆ.

ಆಡಿಸ್ಸಿ ಬಗ್ಗೆ ಎರಡು ತಕರಾರು ಯಾವಾಗಲೂ ಕೇಳಿಬರುತ್ತವೆ. ಒಂದು, ಮೇಲಿನ ಸ್ವರಗಳಿಗೂ ಕೈಹಾಕುತ್ತದೆ. ಎರಡು, 2 ಕಿಲೋಹರ್ಟ್ಜ್ ಹತ್ತಿರ ಬೇಕಂತಲೇ ಒಂದು ಸಣ್ಣ ಹಳ್ಳ ತೋಡುತ್ತದೆ. ಹೋಲ್ಮನ್ ಕಾಲದ ಯೋಚನೆ ಅದು. ಕೆಳಗಿನ ಸ್ವರ ನುಡಿಸುವ ವೂಫರ್‌ನಿಂದ ಮೇಲಿನ ಸ್ವರ ನುಡಿಸುವ ಟ್ವೀಟರ್‌ಗೆ ಶಬ್ದ ಕೈಬದಲಾಯಿಸುವ ಕಡೆ ಕಟುವಾಗಿ ಕೇಳದಿರಲಿ ಅಂತ. ಚೆನ್ನಾಗಿ ಮಾಡಿದ ಸ್ಪೀಕರ್‌ಗೆ ಅದು ಬೇಡ, ಮಾತು ಮಂಕಾಗುತ್ತದೆ. ಎರಡಕ್ಕೂ ಪರಿಹಾರ ಫೋನಿನ ಮಲ್ಟ್‌ಇಕ್ಯೂ ಎಡಿಟರ್ ಆ್ಯಪ್. ಸುಮಾರು 20 ಡಾಲರ್. ಅದರಲ್ಲಿ ಮಿಡ್‌ರೇಂಜ್ ಕಾಂಪನ್ಸೇಶನ್ ಆಫ್ ಮಾಡಬಹುದು, ತಿದ್ದುವುದು 300 ಹರ್ಟ್ಜ್‌ವರೆಗೆ ಸಾಕು ಅಂತ ಗೆರೆ ಎಳೆಯಬಹುದು. ಇಡೀ ಹೋಮ್ ಥಿಯೇಟರ್ ಲೋಕದಲ್ಲಿ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಫಲ ಕೊಡುವ ಖರೀದಿ ಇನ್ನೊಂದು ನನಗೆ ಗೊತ್ತಿಲ್ಲ. ಒಂದು ಎಚ್ಚರಿಕೆ: ಟಿವಿ ಪರದೆಯ ಮೆನುವಿನಿಂದ ಮಾಡಿದ ಅಳತೆ ಆ್ಯಪ್‌ಗೆ ಬರಲ್ಲ. ಆ್ಯಪ್‌ನಿಂದಲೇ ಮತ್ತೆ ಮೊದಲಿಂದ ಅಳೆಯಬೇಕು. ಹಾಗಾಗಿ ಕೊಳ್ಳುವುದಾದರೆ ಮೊದಲೇ ಕೊಂಡುಬಿಡಿ. ನಿಮ್ಮ ಮಾಡೆಲ್ ಆ್ಯಪ್ ಪಟ್ಟಿಯಲ್ಲಿದೆಯಾ ಅಂತಲೂ ನೋಡಿ. ಇದಕ್ಕಿಂತ ಆಳಕ್ಕೆ ಇಳಿಯುವವರಿಗೆ ವಿಂಡೋಸ್‌ಗೆ ಮಲ್ಟ್‌ಇಕ್ಯೂ ಎಕ್ಸ್ ಇದೆ, 200 ಡಾಲರ್. ಅಷ್ಟು ಕೊಡುವ ಮೊದಲು ಕೆಳಗಿನ ಡಿರಾಕ್ ಭಾಗ ಓದಿ.

ಆಡಿಸ್ಸಿಯಲ್ಲೇ ಇರುವ ಡೈನಾಮಿಕ್ ಇಕ್ಯೂ ಬಗ್ಗೆ ಎರಡು ಮಾತು. ವಾಲ್ಯೂಮ್ ಇಳಿಸಿದಾಗ ನಮ್ಮ ಕಿವಿಗೆ ಬಾಸ್ ಬೇಗ ಕಮ್ಮಿ ಆಗುತ್ತದೆ. ಇದನ್ನು 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು. ಡೈನಾಮಿಕ್ ಇಕ್ಯೂ ವಾಲ್ಯೂಮ್ ನೋಡಿಕೊಂಡು ಬಾಸ್ ಸರಿದೂಗಿಸುತ್ತದೆ. ರಾತ್ರಿ ಮೆಲ್ಲಗೆ ಸಿನಿಮಾ ನೋಡುವವರಿಗೆ ಇದು ವರ. ಹಾಡು ಕೇಳುವಾಗ ಮಾತ್ರ ಬಾಸ್ ಜಾಸ್ತಿ ಅನಿಸುತ್ತದೆ. ಯಾಕೆಂದರೆ ಹಾಡುಗಳನ್ನು ಸಿನಿಮಾ ಮಟ್ಟಕ್ಕಿಂತ ಜೋರಾಗಿ ಮಿಕ್ಸ್ ಮಾಡಿರುತ್ತಾರೆ. ಆಗ ಈ ಸರಿದೂಗಿಸುವಿಕೆಯನ್ನು ತಗ್ಗಿಸುವ ರೆಫರೆನ್ಸ್ ಆಫ್‌ಸೆಟ್ ಸೆಟ್ಟಿಂಗ್ 10 ಅಥವಾ 15ಕ್ಕೆ ಇಡಿ. ಸರೌಂಡ್ ಸ್ಪೀಕರ್‌ಗಳನ್ನೂ ಅದು ಎತ್ತುತ್ತದೆ. ಸೋಫಾ ಹಿಂದೆಯೇ ಸ್ಪೀಕರ್ ಇದ್ದರೆ ಒಂದೆರಡು ಡೆಸಿಬಲ್ ಕೈಯಾರೆ ಇಳಿಸಿಕೊಳ್ಳಿ.

ಡಿರಾಕ್: ಶಕ್ತಿ ಹೆಚ್ಚು, ಬಿಲ್ಲೂ ಹೆಚ್ಚು

ಸ್ವೀಡನ್‌ನ ಉಪ್ಸಾಲಾದ ಕಂಪನಿ. ಒನ್‌ಕಿಯೊ, ಪಯೋನಿಯರ್, ಇಂಟೆಗ್ರಾ, ಎನ್‌ಎಡಿ, ಆರ್ಕಾಮ್ ಹೀಗೆ ಹಲವು ಕಡೆ ಇದೆ. 2023ರಿಂದ ಡೆನಾನ್, ಮರಾಂಟ್ಜ್‌ನ ಮೇಲಿನ ಮಾಡೆಲ್‌ಗಳಿಗೂ ಲೈಸೆನ್ಸ್ ಕೊಂಡು ಹಾಕಿಕೊಳ್ಳಬಹುದು. ಫೋನ್ ಆ್ಯಪ್ ಇದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಮಾಡುವುದೇ ಸುಖ. ಅಳೆಯಬೇಕಾದ ಜಾಗಗಳೂ ಹೆಚ್ಚು: ಒಂದೇ ಕುರ್ಚಿಗೆ 9, ಸೋಫಾಗೆ 13, ಅಗಲದ ಜಾಗಕ್ಕೆ 17.

ಡಿರಾಕ್‌ನ ಹೆಚ್ಚುಗಾರಿಕೆ ಏನೆಂದರೆ ಸ್ವರದ ಮಟ್ಟದ ಜೊತೆ ಸಮಯವನ್ನೂ ತಿದ್ದಲು ನೋಡುತ್ತದೆ. ವೂಫರ್, ಟ್ವೀಟರ್‌ಗಳ ಶಬ್ದ ಒಟ್ಟಿಗೆ ಕಿವಿ ತಲುಪುವ ಹಾಗೆ. ಎಡಬಲ ಸ್ಪೀಕರ್‌ಗಳ ನಡುವೆ ಗಾಯಕಿ ನಿಂತಂತೆ ಅನಿಸುವ ಆ ಚಿತ್ರ ಡಿರಾಕ್‌ನಲ್ಲಿ ಗಟ್ಟಿಯಾಗಿ ಬರುತ್ತದೆ ಅನ್ನುವವರು ತುಂಬ ಜನ, ನಾನೂ ಒಬ್ಬ. ಪರದೆ ಮೇಲೆ ಗ್ರಾಫ್ ಕಾಣುತ್ತದೆ, ಬೇಕಾದ ಹಾಗೆ ಗೆರೆ ಎಳೆದು ಬಾಸ್ ಎಷ್ಟಿರಬೇಕು ಅಂತ ನೀವೇ ತೀರ್ಮಾನಿಸಬಹುದು. ಗ್ರಾಫ್‌ನ ಎಡಬಲದಲ್ಲಿರುವ ಎರಡು ಕರ್ಟನ್‌ಗಳನ್ನು ಎಳೆದು, ಇಲ್ಲಿಂದ ಇಲ್ಲಿಗೆ ಮಾತ್ರ ತಿದ್ದು ಅನ್ನಬಹುದು. ನಾವು ಕೇಳುತ್ತಿದ್ದ ಎರಡನೇ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ಆಡಿಸ್ಸಿಯಲ್ಲಿ ದುಡ್ಡು ಕೊಟ್ಟ ಮೇಲೆ ಸಿಗುತ್ತದೆ, ಇಲ್ಲಿ ಮೊದಲಿಂದಲೇ ಇದೆ.

ಈಗ ಬಿಲ್. ಡೆನಾನ್‌ಗೆ ಡಿರಾಕ್ ಬಂದಾಗ 500 ಹರ್ಟ್ಜ್‌ವರೆಗಿನ ಲೈಸೆನ್ಸ್ 259 ಡಾಲರ್, ಪೂರ್ತಿಯದು 349 ಡಾಲರ್ ಇತ್ತು. ಸಬ್‌ವೂಫರ್‌ಗಳನ್ನು ಮುಖ್ಯ ಸ್ಪೀಕರ್‌ಗಳ ಜೊತೆ ಹೊಂದಿಸುವ ಬಾಸ್ ಕಂಟ್ರೋಲ್ ಬೇಕಾದರೆ ಅದಕ್ಕೆ ಪ್ರತ್ಯೇಕ ದುಡ್ಡು. ಆರ್ಟ್ ಅನ್ನುವ ಹೊಸದು ಇನ್ನೂ ಮಜಾ: ಒಂದು ಸ್ಪೀಕರ್ ಎಬ್ಬಿಸಿದ ರೂಮ್ ಗುಂಗನ್ನು ಬೇರೆ ಸ್ಪೀಕರ್‌ಗಳು ಉಲ್ಟಾ ಶಬ್ದ ಹೊರಡಿಸಿ ಅಳಿಸುತ್ತವೆ. 150 ಹರ್ಟ್ಜ್ ಕೆಳಗೆ ಕೆಲಸ ಮಾಡುತ್ತದೆ. ಮೊದಲು ಅತಿ ದುಬಾರಿ ಪ್ರೊಸೆಸರ್‌ಗಳಲ್ಲಿ ಮಾತ್ರ ಇತ್ತು, 2025ರಲ್ಲಿ ಡೆನಾನ್, ಮರಾಂಟ್ಜ್‌ಗೂ ಬಂತು. ಕಾಂಕ್ರೀಟ್ ಗೋಡೆಯ ನಮ್ಮ ಹಾಲ್‌ಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸರೌಂಡ್ ಸ್ಪೀಕರ್‌ಗಳಿಗೂ ಒಂದಿಷ್ಟು ಬಾಸ್ ತಾಕತ್ತು ಇರಬೇಕು. ಅಂಗೈಯಗಲದ ಸ್ಯಾಟಲೈಟ್ ಸ್ಪೀಕರ್ ಇಟ್ಟುಕೊಂಡವರು ಆ ಕಡೆ ನೋಡುವುದೇ ಬೇಡ.

ಒನ್‌ಕಿಯೊ ದಾರಿ ಬೇರೆ. ಟಿಎಕ್ಸ್ ಆರ್‌ಝಡ್50ಯಲ್ಲಿ ಪೂರ್ತಿ ಡಿರಾಕ್ ರಿಸೀವರ್ ಬೆಲೆಯಲ್ಲೇ ಸೇರಿದೆ. ಎನ್‌ಆರ್7100ರಲ್ಲೂ ಡಿರಾಕ್ ಇದೆ. ಅದರ ತಮ್ಮ ಎನ್‌ಆರ್6100ರಲ್ಲಿ ಇಲ್ಲ, ಅಲ್ಲಿರುವುದು ಒನ್‌ಕಿಯೊದ್ದೇ ಆಕ್ಯುಇಕ್ಯೂ. ಮಾಡೆಲ್ ನಂಬರ್‌ನಲ್ಲಿ ಒಂದೇ ಅಂಕಿಯ ಅಂತರ, ಒಳಗೆ ಅಜಗಜಾಂತರ. ಅಂಗಡಿಯವರು ಎರಡೂ ಒಂದೇ ಸಾರ್ ಅಂದರೆ ನಂಬಬೇಡಿ.

ಯಮಾಹಾ, ಸೋನಿ, ಆಂಥಮ್

ಯಮಾಹಾದ ವೈಪಾವೊ ಎಡವುವುದು ಸಬ್‌ವೂಫರ್ ವಿಷಯದಲ್ಲಿ. ಇದು ಪ್ಯಾರಾಮೆಟ್ರಿಕ್ ಇಕ್ಯೂ, ಅಂದರೆ ಕೆಲವೇ ಸ್ವರ ಪಟ್ಟಿಗಳನ್ನು ಆರಿಸಿ ಏರಿಳಿಸುವಂಥದ್ದು. ಮುಖ್ಯ ಸ್ಪೀಕರ್‌ಗೆ 7 ಪಟ್ಟಿ, ಸಬ್‌ಗೆ ಬರೀ 4. ಆಡಿಸ್ಸಿ ನೂರಾರು ಬಿಂದುಗಳಲ್ಲಿ ಮಾಡುವ ಕೆಲಸ ಇಲ್ಲಿ ನಾಲ್ಕರಲ್ಲಿ ಆಗಬೇಕು. ಆದರೆ ವೈಪಾವೊಗೆ ಒಂದು ದೊಡ್ಡ ಗುಣ ಇದೆ. ಅದು ಲೆಕ್ಕ ಹಾಕಿದ್ದನ್ನು ಮ್ಯಾನ್ಯುಯಲ್‌ಗೆ ಕಾಪಿ ಮಾಡಿಕೊಂಡು ಪ್ರತಿ ಪಟ್ಟಿಯನ್ನೂ ನೀವೇ ತಿದ್ದಬಹುದು. ಮೇಲಿನ ಪಟ್ಟಿಗಳನ್ನು ಸೊನ್ನೆಗೆ ಇಳಿಸಿ, ಕೆಳಗಿನದ್ದನ್ನು ಮಾತ್ರ ಉಳಿಸಬಹುದು. ಆ್ಯಪ್ ಇಲ್ಲ, ಲೈಸೆನ್ಸ್ ಇಲ್ಲ, ಒಂದು ರೂಪಾಯಿ ಹೆಚ್ಚಿಗೆ ಇಲ್ಲ. ಗೋಡೆಯಿಂದ ಚಿಮ್ಮಿದ ಶಬ್ದವನ್ನೂ ತಿದ್ದಲು ನೋಡುವ ಆರ್‌ಎಸ್‌ಸಿ ಇರುವ, ಹಲವು ಜಾಗಗಳಲ್ಲಿ ಅಳೆಯುವ ಮಾಡೆಲ್ ತೆಗೆದುಕೊಳ್ಳಿ. ಇಕ್ಯೂ ಬಗೆಗಳಲ್ಲಿ ಫ್ಲಾಟ್, ಫ್ರಂಟ್, ನ್ಯಾಚುರಲ್ ಅಂತ ಇವೆ. ಮುಂದಿನ ಸ್ಪೀಕರ್ ಚೆನ್ನಾಗಿದ್ದರೆ ಫ್ರಂಟ್ ಪ್ರಯತ್ನಿಸಿ, ಅದು ಮಿಕ್ಕವನ್ನು ಮುಂದಿನವುಗಳ ದನಿಗೆ ಹೊಂದಿಸುತ್ತದೆ.

ಸೋನಿಯ ರೂಮ್ ಕರೆಕ್ಷನ್ ಡಿಸಿಎಸಿ ಬೇಗ ಮುಗಿಯುತ್ತದೆ. ದೂರ ಮತ್ತು ಲೆವೆಲ್ ಸರಿಯಾಗಿ ಹಾಕುತ್ತದೆ. ತಿದ್ದುವ ಸ್ವಾತಂತ್ರ್ಯ ಕಮ್ಮಿ. ಮೊದಲ ಹೋಮ್ ಥಿಯೇಟರ್ ಕಟ್ಟುವವರಿಗೆ ಸಾಕು, ಬಾಸ್ ಬಗ್ಗೆ ಹಠ ಇರುವವರಿಗೆ ಸಾಲದು.

ಆಂಥಮ್ ಕೆನಡಾದ್ದು, ಅದರ ಇಕ್ಯೂ ಹೆಸರು ಆರ್ಕ್. ಪ್ರತಿ ಮೈಕನ್ನೂ ಪ್ರತ್ಯೇಕವಾಗಿ ಕ್ಯಾಲಿಬ್ರೇಟ್ ಮಾಡಿ ಡಬ್ಬದಲ್ಲೇ ಕೊಡುತ್ತಾರೆ. ತಿದ್ದುವುದನ್ನು ತಾನಾಗೇ 5 ಕಿಲೋಹರ್ಟ್ಜ್‌ಗೆ ನಿಲ್ಲಿಸುತ್ತದೆ, ಇನ್ನೂ ಕೆಳಗೆ ಇಳಿಸಬಹುದು. ಬಾಸ್‌ನಲ್ಲಿ ಅತಿಯಾಗಿ ಎತ್ತಲು ಹೋಗದ ಸಂಯಮ ಇದಕ್ಕಿದೆ. ಬೆಲೆ ಕೇಳಿದರೆ ಮಾತ್ರ ಸಂಯಮ ನಮಗೆ ಬೇಕಾಗುತ್ತದೆ. ಫ್ರಾನ್ಸ್‌ನ ಟ್ರಿನಾವ್ ಇನ್ನೂ ಮೇಲಿನ ಲೋಕದ್ದು, ನಾಲ್ಕು ಮೈಕ್ ಒಟ್ಟಿಗೆ ಕೂಡಿಸಿದ ಸಾಧನದಿಂದ ಪ್ರತಿ ಸ್ಪೀಕರ್ ಎಲ್ಲಿದೆ ಅನ್ನುವುದನ್ನೂ ಕಂಡುಹಿಡಿಯುತ್ತದೆ. ಕಾರು ಕೊಳ್ಳುವ ದುಡ್ಡಿಗೆ ಪ್ರೊಸೆಸರ್ ಕೊಳ್ಳುವವರಿಗೆ ಈ ಲೇಖನ ಬೇಕಿಲ್ಲ.

ಹಳೆಯ ರಿಸೀವರ್ ಇಟ್ಟುಕೊಂಡೇ ಮಾಡುವ ದಾರಿ

ಹತ್ತು ವರ್ಷ ಹಳೆಯದಾದರೂ ರಿಸೀವರ್ ಗಟ್ಟಿಮುಟ್ಟಾಗಿದೆ, ಬದಲಿಸಲು ಮನಸ್ಸಿಲ್ಲ ಅನ್ನುವವರಿಗೆ ಇದು. ಮಿನಿಡಿಎಸ್‌ಪಿ ಅನ್ನುವ ಪುಟ್ಟ ಪೆಟ್ಟಿಗೆಯನ್ನು ರಿಸೀವರ್‌ಗೂ ಸಬ್‌ವೂಫರ್‌ಗೂ ನಡುವೆ ಹಾಕಿ. ಅದೇ ಕಂಪನಿಯ ಯುಮಿಕ್ 1 ಅನ್ನುವ ಯುಎಸ್‌ಬಿ ಮೈಕ್ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ ಅದರದೇ ಕ್ಯಾಲಿಬ್ರೇಶನ್ ಫೈಲ್ ಸಿಗುತ್ತದೆ. ಲ್ಯಾಪ್‌ಟಾಪ್‌ಗೆ ರೂಮ್ ಇಕ್ಯೂ ವಿಝರ್ಡ್ ಹಾಕಿ. ಜಾನ್ ಮುಲ್ಕಾಹಿ ಅನ್ನುವವರು ಮಾಡಿದ ಈ ಸಾಫ್ಟ್‌ವೇರ್ ಉಚಿತ. ಅಳೆಯುತ್ತದೆ, ಗ್ರಾಫ್ ತೋರಿಸುತ್ತದೆ, ಯಾವ ಸ್ವರದಲ್ಲಿ ಎಷ್ಟು ಇಳಿಸಬೇಕು ಅಂತ ಲೆಕ್ಕವನ್ನೂ ಹಾಕಿಕೊಡುತ್ತದೆ.

ಇದರಲ್ಲಿ ಸರಿಯಾಗುವುದು ಸಬ್ ಮಾತ್ರ. ಆದರೆ ತೊಂದರೆಯ ಮುಕ್ಕಾಲು ಪಾಲು ಇರುವುದೂ ಅಲ್ಲೇ. ಎರಡು ಸಬ್ ಇದ್ದರಂತೂ ಇದರ ರುಚಿ ಬೇರೆ, ಒಂದೊಂದಕ್ಕೂ ಬೇರೆ ಬೇರೆ ಸಮಯ, ಲೆವೆಲ್ ಕೊಡಬಹುದು. ಕಲಿಯಲು ಒಂದೆರಡು ವಾರಾಂತ್ಯ ಹೋಗುತ್ತವೆ. ಗ್ರಾಫ್ ನೋಡಿದರೆ ತಲೆನೋವು ಬರುವವರು ಈ ಕಡೆ ಬರಬೇಡಿ. ಮೈಕ್ ಮಾತ್ರ ಎಲ್ಲರಿಗೂ ಹೇಳುತ್ತೇನೆ: ರಿಸೀವರ್ ತನ್ನ ಕೆಲಸ ನಿಜಕ್ಕೂ ಮಾಡಿದೆಯಾ ಅಂತ ನೋಡಲು ರಿಸೀವರ್‌ನದಲ್ಲದ ಇನ್ನೊಂದು ಕಣ್ಣು ಬೇಕು.

ಹಾಗಾದರೆ ಯಾರಿಗೆ ಯಾವುದು?

ಬಾಡಿಗೆ ಫ್ಲ್ಯಾಟ್, 5.1 ಸೆಟ್ (ಐದು ಸ್ಪೀಕರ್, ಒಂದು ಸಬ್), ಬಜೆಟ್ ಬಿಗಿ ಅಂದರೆ ಎಕ್ಸ್‌ಟಿ ಇರುವ ಡೆನಾನ್ ಮತ್ತು 20 ಡಾಲರ್ ಆ್ಯಪ್. ಅಥವಾ ಹಲವು ಜಾಗ ಅಳೆಯುವ ಯಮಾಹಾ, ಆ್ಯಪ್‌ಗೆ ದುಡ್ಡು ಕೊಡಲು ಮನಸ್ಸಿಲ್ಲದವರಿಗೆ. ಇವೆರಡರಲ್ಲಿ ಬಾಸ್ ಮುಖ್ಯ ಅಂದರೆ ಡೆನಾನ್ ಕಡೆ ವಾಲುತ್ತೇನೆ. ಮೇಲುಗಡೆ, ಕೆಳಗಡೆ ಮನೆಯವರ ಕಾಟ ಇದ್ದರೆ ಎಕ್ಸ್‌ಟಿ32 ಮಾಡೆಲ್‌ಗಳಲ್ಲಿ ಬರುವ ಎಲ್‌ಎಫ್‌ಸಿ ನೋಡಿ. ಗೋಡೆ ದಾಟುವ ತೀರಾ ಕೆಳಗಿನ ಸ್ವರಗಳನ್ನು ಅದು ಕಡಿತ ಮಾಡುತ್ತದೆ.

ಸ್ವಂತ ಮನೆ, ಒಳ್ಳೆಯ ಮುಂದಿನ ಸ್ಪೀಕರ್‌ಗಳು, ಹಾಡು ಮತ್ತು ಸಿನಿಮಾ ಎರಡೂ ಸಮಸಮ ಅನ್ನುವವರಿಗೆ ಡಿರಾಕ್ ಸೇರಿಸಿಯೇ ಕೊಡುವ ಒನ್‌ಕಿಯೊ ಲೆಕ್ಕಕ್ಕೆ ಸರಿ. ಎರಡು, ಮೂರು ಸಬ್ ಹಾಕುವ ಯೋಚನೆ ಇದ್ದರೆ ಎಕ್ಸ್3800ಎಚ್ ಒಳ್ಳೆಯದು. ಅದರಲ್ಲಿ ನಾಲ್ಕು ಪ್ರತ್ಯೇಕ ಸಬ್ ಔಟ್‌ಪುಟ್ ಇವೆ. ಈಗ ಎಕ್ಸ್‌ಟಿ32ರಲ್ಲೇ ಇದ್ದು, ಮುಂದೆ ದುಡ್ಡು ಕೂಡಿದಾಗ ಡಿರಾಕ್ ಲೈಸೆನ್ಸ್ ಕೊಳ್ಳಬಹುದು. ಡೆನಾನ್‌ಗೆ ಡಿರಾಕ್ ಕೊಳ್ಳುವ ದುಡ್ಡು ಇದೆ, ಆದರೆ ಸಬ್ ಒಂದೇ ಇದೆ ಅಂದರೆ? ನಾನಾದರೆ ಆ ದುಡ್ಡಿಗೆ ಸ್ವಲ್ಪ ಸೇರಿಸಿ ಎರಡನೇ ಸಬ್ ತರುತ್ತೇನೆ. ಎರಡು ಸಬ್ ಎದುರುಬದುರು ಗೋಡೆಗಳ ನಡುಭಾಗದಲ್ಲಿ ಕೂತರೆ ಕೆಲವು ಮೋಡ್‌ಗಳು ಏಳುವುದೇ ಇಲ್ಲ. ಸೋಫಾದ ಎಲ್ಲ ಸೀಟಿಗೂ ಬಾಸ್ ಹೆಚ್ಚೂಕಡಿಮೆ ಒಂದೇ ಆಗುತ್ತದೆ. ಯಾವ ಸಾಫ್ಟ್‌ವೇರ್ ಕೂಡ ಒಂದೇ ಸಬ್ ಇಟ್ಟುಕೊಂಡು ಇದನ್ನು ಮಾಡಿಕೊಡಲ್ಲ.

300 ಹರ್ಟ್ಜ್ ಮೇಲೆ ಯಾಕೆ ತಿದ್ದಬಾರದು ಅಂತ ಕೇಳುವವರಿದ್ದಾರೆ. ಹಾರ್ಮನ್ ಕಂಪನಿಯಲ್ಲಿ ವರ್ಷಗಟ್ಟಲೆ ಸ್ಪೀಕರ್ ಸಂಶೋಧನೆ ಮಾಡಿದ ಫ್ಲಾಯ್ಡ್ ಟೂಲ್ ಇದನ್ನು ಬಿಡಿಸಿ ಹೇಳಿದ್ದಾರೆ. ಮೈಕ್‌ಗೆ ನೇರ ಶಬ್ದವೂ ಗೋಡೆಯಿಂದ ಬಂದದ್ದೂ ಬೆರೆತೇ ಕೇಳುತ್ತದೆ. ಎರಡು ಕಿವಿ, ಒಂದು ಮಿದುಳು ಇರುವ ನಾವು ಎರಡನ್ನೂ ಬೇರೆ ಮಾಡಿ ಕೇಳುತ್ತೇವೆ. ಮೈಕ್ ಮಾತು ನಂಬಿ ಒಳ್ಳೆಯ ಸ್ಪೀಕರ್‌ನ ಮೇಲಿನ ಸ್ವರ ತಿದ್ದಿದರೆ ಸರಿ ಇದ್ದದ್ದು ಕೆಡುತ್ತದೆ. ಸ್ಪೀಕರ್‌ಗಳೇ ಸಾಧಾರಣದ್ದು, ಒಂದಕ್ಕೊಂದು ಹೊಂದದವು ಅಂದರೆ ಮಾತ್ರ ಪೂರ್ತಿ ತಿದ್ದಲು ಬಿಡಿ. ಕೇಳಿ, ಯಾವುದು ಹಿಡಿಸಿತೋ ಅದನ್ನು ಇಟ್ಟುಕೊಳ್ಳಿ.

ಅಳೆಯುವ ದಿನ

ಯಾವ ಸಿಸ್ಟಮ್ ಆದರೂ ಅಳತೆ ಕೆಟ್ಟರೆ ಫಲವೂ ಕೆಟ್ಟದ್ದೇ. ರಾತ್ರಿ ಹತ್ತರ ಮೇಲೆ ಮಾಡಿ, ಹಾರ್ನ್, ಕುಕ್ಕರ್ ಸೀಟಿ, ಪಕ್ಕದ ಮನೆ ಮಿಕ್ಸಿ ಇಲ್ಲದ ಹೊತ್ತು. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿದರೆ ಒಳ್ಳೆಯದು, ಆ ಚಿರ್ ಶಬ್ದ ಸಣ್ಣದಲ್ಲ. ಫ್ಯಾನ್, ಎಸಿ ಆಫ್. ಮೈಕ್ ಟ್ರೈಪಾಡ್ ಮೇಲಿರಲಿ, ಕಿವಿಯ ಎತ್ತರಕ್ಕೆ, ಚಾವಣಿ ನೋಡುತ್ತ. ಸೋಫಾ ಮೇಲೆ ದಿಂಬು ಪೇರಿಸಿ ಇಡುವವರಿದ್ದಾರೆ, ಬೇಡ. ಒರಗುವ ಭಾಗದಿಂದ ಶಬ್ದ ಚಿಮ್ಮಿ ಅಳತೆ ಕೆಡುತ್ತದೆ. ಮೊದಲ ಅಳತೆ ನೀವು ಹೆಚ್ಚಾಗಿ ಕೂರುವ ಸೀಟಿನ ನಡುವೆಯೇ ಆಗಬೇಕು, ದೂರ ಮತ್ತು ಲೆವೆಲ್ ತೀರ್ಮಾನ ಆಗುವುದು ಅಲ್ಲಿಂದ. ಮಿಕ್ಕವು ಅದರ ಸುತ್ತ ಒಂದೆರಡು ಅಡಿ ಒಳಗಿರಲಿ. ಸಿಸ್ಟಮ್ ಕೇಳುವ ಎಲ್ಲ ಜಾಗವನ್ನೂ ಅಳೆಯಿರಿ, ಮೂರಕ್ಕೇ ಸಾಕು ಅನ್ನಬೇಡಿ.

ಸಬ್‌ನ ಜಾಗ ಇದಕ್ಕೂ ಮೊದಲೇ ಗೊತ್ತಾಗಿರಬೇಕು. ಸಬ್ ಎತ್ತಿ ಸೋಫಾ ಮೇಲೆ ಇಡಿ, ಬಾಸ್ ಇರುವ ಹಾಡು ಹಾಕಿ, ನೀವು ಗೋಡೆ ಉದ್ದಕ್ಕೂ ನೆಲದ ಮೇಲೆ ತೆವಳಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅಲ್ಲೇ ಸಬ್. ಮನೆಯವರು ನಕ್ಕರೆ ನಗಲಿ.

ಮುಗಿದ ಮೇಲೆ ಸೆಟ್ಟಿಂಗ್ ಪರಿಶೀಲಿಸಿ. ಮುಂದಿನ ಸ್ಪೀಕರ್‌ಗಳು ಲಾರ್ಜ್ (ಬಾಸ್ ಎಲ್ಲ ತಾವೇ ನುಡಿಸುವವು) ಅಂತ ಬಂದಿದ್ದರೆ ಸ್ಮಾಲ್ (ಬಾಸ್ ಸಬ್‌ಗೆ ಬಿಡುವವು) ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್ ಇಡಿ. ರಿಸೀವರ್ ಹೇಳಿದ ಕ್ರಾಸ್‌ಓವರ್ ಏರಿಸಬಹುದು, ಇಳಿಸಬಾರದು. ಅದರ ಕೆಳಗೆ ಆ ಸ್ಪೀಕರ್‌ಗೆ ತಿದ್ದುಪಡಿಯೇ ಇರಲ್ಲ. ಸಬ್ ದೂರ ಮೂರು ಮೀಟರ್ ಇದ್ದದ್ದು ಐದು ಅಂತ ತೋರಿಸಿದರೆ ಗಾಬರಿಯಾಗಿ ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ. ಒಂದು ಮಿಲಿಸೆಕೆಂಡ್ ಅಂದರೆ 34 ಸೆಂಟಿಮೀಟರ್, ಆ ತಡವನ್ನೇ ರಿಸೀವರ್ ದೂರದ ಲೆಕ್ಕದಲ್ಲಿ ಬರೆದಿದೆ. ರಿಸೀವರ್‌ನಲ್ಲಿ ಸಬ್ ಟ್ರಿಮ್, ಅಂದರೆ ಅದರ ಲೆವೆಲ್, ಮೈನಸ್ 12ಕ್ಕೆ ತಾಗಿದ್ದರೆ ಸಬ್ ಹಿಂದಿನ ಗುಂಡಿ ಇಳಿಸಿ ಮತ್ತೆ ಅಳೆಯಿರಿ. ಬಾಸ್ ಸಪ್ಪೆ ಅನಿಸಿದರೆ ಸಬ್ ಲೆವೆಲ್ ಎರಡು ಮೂರು ಡೆಸಿಬಲ್ ಏರಿಸಿ, ಬಹುತೇಕ ಎಲ್ಲರೂ ಹಾಗೇ ಮಾಡುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರಿಸೀವರ್ ಜೊತೆ ಅದರ ಮೈಕ್ ಇದೆಯಾ ಅಂತ ಮೊದಲು ಕೇಳಿ. ಹಳೆಯ ಮಾಲೀಕರ ಕಪಾಟಿನಲ್ಲಿ ಅದು ಎಲ್ಲೋ ಕಳೆದುಹೋಗಿರುತ್ತದೆ. ಯಮಾಹಾ ಮೈಕ್ ಪಿನ್ ಡೆನಾನ್‌ಗೆ ಕೂರುತ್ತದೆ, ಅಳತೆಯೂ ಆಗುತ್ತದೆ. ಆದರೆ ಪ್ರತಿ ಸಿಸ್ಟಮ್ ತನ್ನ ಮೈಕ್ ಹೇಗೆ ಕೇಳುತ್ತದೆ ಅನ್ನುವುದನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿರುತ್ತದೆ. ಬೇರೆ ಮೈಕ್ ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಮೈಕ್ ಇಲ್ಲ ಅಂದರೆ ಹೊಸ ಮೈಕ್‌ನ ಬೆಲೆ ಕಳೆದು ಚೌಕಾಸಿ ಮಾಡಿ.